ಭರ್ತಿಯಾದ ಹುದ್ದೆ, ಬೀಗ ಹಾಕಿದ ಆರೋಗ್ಯ ಉಪಕೇಂದ್ರ: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ನಮ್ಮೂರಿನ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ನಾಲ್ಕು ವರ್ಷಗಳಲ್ಲಿ ಮೂವರು ವೈದ್ಯರು ಬಂದು ಹೋದರು. ದಾವಣಗೆರೆಯಲ್ಲಿ ಎರಡು ವೈದ್ಯಕೀಯ ಕಾಲೇಜುಗಳಿದ್ದರೂ ನಮಗೆ ಕಾಯಂ ವೈದ್ಯರು ಸಿಗುವುದಿಲ್ಲವೇಕೆ?
– ಜಗಳೂರು ತಾಲ್ಲೂಕಿನ ಓದುಗರು

ಉತ್ತರ: ಜೆ.ಜೆ.ಎಂ. ವೈದ್ಯಕೀಯ ಕಾಲೇಜು 1965ರಲ್ಲಿಯೂ ಎಸ್.ಎಸ್. ವೈದ್ಯಕೀಯ ವಿಜ್ಞಾನ ಸಂಸ್ಥೆ 2006ರಲ್ಲಿಯೂ ಆರಂಭವಾದವು. ಇವೆರಡೂ ಖಾಸಗಿ ಸಂಸ್ಥೆಗಳು. ಇಲ್ಲಿ ಓದುವವರು ರಾಜ್ಯದ ನಾನಾ ಜಿಲ್ಲೆಗಳಿಂದಲೂ ಹೊರರಾಜ್ಯಗಳಿಂದಲೂ ಬರುತ್ತಾರೆ. ಓದು ಮುಗಿದ ಮೇಲೆ ಜಗಳೂರಿನ ಕಡೆಗೆ ಮುಖ ಮಾಡಲು ಅವರಿಗೆ ವಿಶೇಷ ಕಾರಣವೇನೂ ಇರುವುದಿಲ್ಲ. ಈ ಕೊರತೆಯನ್ನು ತುಂಬಲೆಂದೇ ಕರ್ನಾಟಕವು 2012ರಲ್ಲಿ ಕಾಯ್ದೆಯೊಂದನ್ನು ರೂಪಿಸಿ, ವೈದ್ಯಕೀಯ ಶಿಕ್ಷಣ ಮುಗಿಸಿದವರ ಮೇಲೆ ಒಂದು ವರ್ಷದ ಕಡ್ಡಾಯ ಸೇವೆಯ ಹೊಣೆ ಹೊರಿಸಿತು. ಖಾಲಿ ಕುರ್ಚಿ ತುಂಬುವುದಕ್ಕೆ ಅದು ನೆರವಾಯಿತೆಂಬುದನ್ನು ನಾನು ಒಪ್ಪುತ್ತೇನೆ. ಆದರೆ ಯಾವ ಮನೆಯಲ್ಲಿ ಸಕ್ಕರೆ ಕಾಯಿಲೆಯವರಿದ್ದಾರೆ, ಯಾವ ಬಸುರಿಗೆ ಹಿಂದಿನ ಹೆರಿಗೆಯಲ್ಲಿ ರಕ್ತಸ್ರಾವವಾಗಿತ್ತು ಎಂಬುದು ವೈದ್ಯರ ಮನಸ್ಸಿನಲ್ಲಿ ಕೂರುವ ಹೊತ್ತಿಗೆ ಅವರ ವರ್ಷ ಮುಗಿದಿರುತ್ತದೆ.

ತಪಾಸಣೆಗೆಂದು ಹೋಗಿದ್ದ ಒಂದು ಕೇಂದ್ರದಲ್ಲಿ ನಾನು ಕಂಡ ವಸತಿಗೃಹ ಇನ್ನೂ ಕಣ್ಣಿಗೆ ಕಟ್ಟಿದಂತಿದೆ. ಬಾಗಿಲಿನ ಚೌಕಟ್ಟಿಗೆ ಗೆದ್ದಲು ಹಿಡಿದಿತ್ತು, ಸ್ನಾನದ ಕೋಣೆಯ ನಲ್ಲಿಯಲ್ಲಿ ನೀರಿರಲಿಲ್ಲ. ಆ ಕೇಂದ್ರದ ಯುವ ವೈದ್ಯೆ ಹೊರರೋಗಿ ವಿಭಾಗದ ಮೇಜಿನ ಮೇಲೆಯೇ ಸ್ನಾತಕೋತ್ತರ ಪ್ರವೇಶ ಪರೀಕ್ಷೆಯ ದಪ್ಪ ಪುಸ್ತಕವಿಟ್ಟುಕೊಂಡು, ಸಂಜೆಯ ಕೊನೆಯ ಬಸ್ಸಿಗೆ ನಗರಕ್ಕೆ ಮರಳುತ್ತಿದ್ದರು. ಆಕೆಯನ್ನು ದೂಷಿಸಲು ನನಗೆ ಮನಸ್ಸು ಬರಲಿಲ್ಲ. ವಾಸಯೋಗ್ಯ ಮನೆ, ರಾತ್ರಿ ಪಾಳಿಯಲ್ಲಿ ಜೊತೆಗೊಬ್ಬ ಸ್ಟಾಫ್ ನರ್ಸ್, ಕಷ್ಟದ ರೋಗಿ ಬಂದಾಗ ಫೋನಿನಲ್ಲಿ ಸಲಹೆ ಕೊಡುವ ಹಿರಿಯ ತಜ್ಞರು, ಇಷ್ಟನ್ನು ಒದಗಿಸದೆ ಬರೀ ನೇಮಕಾತಿ ಆದೇಶ ಹೊರಡಿಸಿದರೆ ವೈದ್ಯರು ಉಳಿಯುವುದಿಲ್ಲ.

ಇನ್ನೊಂದು ಸಂಗತಿಯನ್ನೂ ಹೇಳಬೇಕು. ‘ನಿಯೋಜನೆ’ ಎಂಬ ವ್ಯವಸ್ಥೆಯಲ್ಲಿ, ಹಳ್ಳಿಯ ಕೇಂದ್ರಕ್ಕೆ ನೇಮಕಗೊಂಡವರು ಸಂಬಳವನ್ನು ಆ ಹುದ್ದೆಯಲ್ಲೇ ಪಡೆಯುತ್ತ ತಾಲ್ಲೂಕು ಅಥವಾ ಜಿಲ್ಲಾ ಕೇಂದ್ರದಲ್ಲಿ ಕೆಲಸ ಮಾಡುವುದುಂಟು. ಕಡತದಲ್ಲಿ ಹುದ್ದೆ ಭರ್ತಿಯಾಗಿರುತ್ತದೆ. ಆದ್ದರಿಂದ ಅಲ್ಲಿಗೆ ಹೊಸಬರನ್ನು ಕೇಳುವ ಅವಕಾಶವೂ ತಪ್ಪುತ್ತದೆ. ತುರ್ತು ಸಂದರ್ಭದಲ್ಲಿ ಇದು ಅಗತ್ಯವಿರಬಹುದಾದರೂ, ವರ್ಷಗಟ್ಟಲೆ ಮುಂದುವರಿದಾಗ ಹಳ್ಳಿಗೆ ಆಗುವುದು ಅನ್ಯಾಯವೇ.

ಪ್ರಶ್ನೆ: ನನ್ನ ಮಗಳು ಬಿ.ಎಸ್‌ಸಿ. ನರ್ಸಿಂಗ್ ಮುಗಿಸಿದ್ದಾಳೆ. ಸಮುದಾಯ ಆರೋಗ್ಯ ಅಧಿಕಾರಿಯ ಹುದ್ದೆಗೆ ಅರ್ಜಿ ಹಾಕುವ ಆಸೆಯಿದೆ; ಆದರೆ ಒಬ್ಬಳೇ ಉಪಕೇಂದ್ರ ನಡೆಸಲು ಹೆದರುತ್ತಾಳೆ. ನಾಲ್ಕು ವರ್ಷ ಓದಿಯೂ ಈ ಅಳುಕು ಏಕೆ?
– ಮೊಳಕಾಲ್ಮೂರಿನ ತಂದೆಯೊಬ್ಬರು

ಉತ್ತರ: ನಿಮ್ಮ ಮಗಳ ಅಳುಕು ಅವಳ ಪ್ರಾಮಾಣಿಕತೆಯ ಗುರುತು, ದಯವಿಟ್ಟು ಅದಕ್ಕಾಗಿ ಅವಳನ್ನು ಗದರಿಸಬೇಡಿ. ಹೆರಿಗೆ ಕೋಣೆಯಲ್ಲಿ ಒಬ್ಬ ತಾಯಿಯ ಸುತ್ತ ಎರಡು ಮೂರು ಕಾಲೇಜುಗಳ ವಿದ್ಯಾರ್ಥಿನಿಯರು ನಿಂತಿರುವಾಗ, ಹಿಂದಿನ ಸಾಲಿನವಳಿಗೆ ಕಾಣುವುದು ಮುಂದಿನವಳ ಬೆನ್ನು ಮಾತ್ರ. ಅವಳ ದಾಖಲೆ ಪುಸ್ತಕದಲ್ಲಿ ಸಹಿ ಬೀಳುತ್ತದೆ, ಕೈಗೆ ಕೆಲಸ ಹತ್ತಿರುವುದಿಲ್ಲ.

ಕ್ಷಯರೋಗ ತಡೆಯಲು ಕೊಡುವ ಬಿ.ಸಿ.ಜಿ. ಲಸಿಕೆಯನ್ನೇ ನೋಡಿ. ಎಳೆಗೂಸಿನ ಎಡತೋಳಿಗೆ ಕೊಡಬೇಕಾದದ್ದು ಕೇವಲ 0.05 ಮಿಲಿಲೀಟರ್, ಅದೂ ಚರ್ಮದ ಪದರದೊಳಗೆ. ಸೂಜಿಯನ್ನು ಚರ್ಮಕ್ಕೆ ಒರಗಿಸಿದಂತೆ ಹಿಡಿದು ಮೆಲ್ಲಗೆ ಒತ್ತಿದಾಗ ಕಿತ್ತಳೆ ಸಿಪ್ಪೆಯಂತೆ ಚುಕ್ಕೆಚುಕ್ಕೆಯಾದ ಪುಟ್ಟ ಬಿಳಿ ಗುಳ್ಳೆ ಏಳಬೇಕು. ಗುಳ್ಳೆ ಏಳದಿದ್ದರೆ ಸೂಜಿ ಆಳಕ್ಕೆ ಹೋಗಿದೆ ಎಂದರ್ಥ. ಇದನ್ನು ಎಷ್ಟು ಸಲ ಓದಿದರೂ ಬೆರಳು ಕಲಿಯುವುದಿಲ್ಲ. ಪಕ್ಕದಲ್ಲಿ ಅನುಭವಿ ಸಿಸ್ಟರ್ ಒಬ್ಬರು ನಿಂತು, ‘ಇನ್ನೂ ಸ್ವಲ್ಪ ಮೇಲಕ್ಕೆ ಹಿಡಿಯಮ್ಮ’ ಎಂದು ಹೇಳುವ, ಲಸಿಕೆ ಹಾಕುವ ದಿನವಾದ ಹತ್ತಾರು ಗುರುವಾರಗಳು ಬೇಕು.

ಸಮುದಾಯ ಆರೋಗ್ಯ ಅಧಿಕಾರಿಯ ಹುದ್ದೆ 2018ರಲ್ಲಿ ಆರಂಭವಾದ ಆರೋಗ್ಯ ಮತ್ತು ಕ್ಷೇಮ ಕೇಂದ್ರಗಳ ಯೋಜನೆಯಿಂದ ಬಂದದ್ದು. ಮೊದಲು ಇದಕ್ಕಾಗಿ ಆರು ತಿಂಗಳ ಪ್ರತ್ಯೇಕ ಸರ್ಟಿಫಿಕೇಟ್ ಕೋರ್ಸ್ ಇತ್ತು. ಬಳಿಕ ಆ ಪಾಠಗಳನ್ನು ಬಿ.ಎಸ್‌ಸಿ. ನರ್ಸಿಂಗ್ ಪಠ್ಯದಲ್ಲೇ ಸೇರಿಸಲಾಯಿತು. ಬಯಲು ಪ್ರದೇಶದಲ್ಲಿ ಒಂದು ಉಪಕೇಂದ್ರಕ್ಕೆ 5,000 ಜನಸಂಖ್ಯೆ ಎಂಬುದು ಮಾನದಂಡ. ರಕ್ತದೊತ್ತಡ, ಮಧುಮೇಹದ ತಪಾಸಣೆಯಿಂದ ಹಿಡಿದು ಆನ್‌ಲೈನ್ ದಾಖಲಾತಿಯವರೆಗೆ ಎಲ್ಲವೂ ಆಕೆಯ ಹೆಗಲಿಗೇ ಬೀಳುವ ಸಂಭವವಿದೆ. ಹುದ್ದೆ ಗುತ್ತಿಗೆ ಆಧಾರದ್ದೆಂಬುದನ್ನೂ ತಿಳಿದಿರಿ. ನನ್ನ ಸಲಹೆಯಿಷ್ಟು: ಅರ್ಜಿ ಹಾಕುವ ಮುನ್ನ ಅವಳು ಹೆರಿಗೆಗಳು ಹೆಚ್ಚಾಗಿ ನಡೆಯುವ ತಾಲ್ಲೂಕು ಆಸ್ಪತ್ರೆಯಲ್ಲೋ ಜಿಲ್ಲಾ ಆಸ್ಪತ್ರೆಯಲ್ಲೋ ಆರು ತಿಂಗಳಾದರೂ ಕೆಲಸ ಮಾಡಲಿ. ಸೇರಿದ ಮೇಲೆ, ನರ್ಸ್‌ಗಳಿಗಾಗಿಯೇ ಇರುವ 21 ದಿನಗಳ ಹೆರಿಗೆ ಕೌಶಲ್ಯ ತರಬೇತಿಗೆ ತನ್ನನ್ನು ಕಳುಹಿಸುವಂತೆ ಬರವಣಿಗೆಯಲ್ಲಿಯೇ ಕೇಳಲಿ. ಮೊಳಕಾಲ್ಮೂರಿನ ಹುಡುಗಿ ಮೊಳಕಾಲ್ಮೂರಿನಲ್ಲೇ ಸೇವೆಗೆ ನಿಂತರೆ ವರ್ಗಾವಣೆ ಕೇಳುವ ಸಾಧ್ಯತೆ ಕಡಿಮೆ. ಸ್ಥಳೀಯರನ್ನು ಆರಿಸಿ ತರಬೇತಿ ಕೊಡುವ ಪದ್ಧತಿಯನ್ನು ನಾನು ಮನಸಾರೆ ಬೆಂಬಲಿಸುವುದು ಇದೇ ಕಾರಣಕ್ಕೆ.

ಪ್ರಶ್ನೆ: ನಮ್ಮ ಉಪಕೇಂದ್ರಕ್ಕೆ ತಿಂಗಳುಗಳಿಂದ ಬೀಗ ಬಿದ್ದಿದೆ. ಗ್ರಾಮಸ್ಥರು ಏನು ಮಾಡಬಹುದು?
– ಹೊಸದುರ್ಗ ತಾಲ್ಲೂಕಿನ ಓದುಗರು

ಉತ್ತರ: ಮೊದಲು, ಹುದ್ದೆ ಖಾಲಿಯಿದೆಯೇ ಅಥವಾ ಅಲ್ಲಿನ ಸಿಬ್ಬಂದಿ ನಿಯೋಜನೆಯ ಮೇಲೆ ಬೇರೆಡೆ ಇದ್ದಾರೆಯೇ ಎಂಬುದನ್ನು ತಿಳಿದುಕೊಳ್ಳಿ. 2005ರ ಮಾಹಿತಿ ಹಕ್ಕು ಕಾಯ್ದೆಯಡಿ 10 ರೂಪಾಯಿ ಶುಲ್ಕದೊಂದಿಗೆ ಅರ್ಜಿ ಸಲ್ಲಿಸಿದರೆ 30 ದಿನಗಳೊಳಗೆ ಉತ್ತರ ಬರಬೇಕು. ಖಾಲಿಯಿದ್ದರೆ ಗ್ರಾಮ ಪಂಚಾಯಿತಿಯ ಠರಾವಿನೊಂದಿಗೆ ಜಿಲ್ಲಾ ಆರೋಗ್ಯಾಧಿಕಾರಿಗಳಿಗೆ ಭರ್ತಿಯ ಮನವಿ ಕೊಡಿ; ನಿಯೋಜನೆಯಿದ್ದರೆ ಅದನ್ನು ರದ್ದುಪಡಿಸಲು ಕೇಳಿ. ಮನವಿಯ ಜೊತೆಗೆ, ಬರುವ ಸಿಸ್ಟರ್ ಅವರಿಗೆ ನೀರು, ಶೌಚಾಲಯವಿರುವ ಮನೆಯೊಂದನ್ನು ಊರಿನಲ್ಲಿ ಗೊತ್ತುಮಾಡಿಟ್ಟಿರುವುದನ್ನೂ ತಪ್ಪದೆ ಬರೆಯಿರಿ.