ಪ್ಯಾಕೇಜ್ ಪ್ರಾಂಪ್ಟಿನಲ್ಲಿ ‘ಸಿಡಿ’ ಏಕೆ ನಡೆಯದು?

ಪ್ರಶ್ನೆ: ನಮ್ಮ ಕಾಫಿ ತೋಟದ ಮಳೆ ಲೆಕ್ಕವನ್ನು ಜೂಲಿಯಾ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ವಿಶ್ಲೇಷಿಸಲು ತೊಡಗಿದ್ದೇನೆ. ‘]’ ಕೀಲಿ ಒತ್ತಿ ಪ್ಯಾಕೇಜ್ ಪ್ರಾಂಪ್ಟಿಗೆ (ಆಜ್ಞೆ ಬರೆಯುವ ಸಾಲಿಗೆ) ಹೋಗಿ, ಡಿ ಡ್ರೈವಿನ ‘ರೇನ್’ ಫೋಲ್ಡರಿಗೆ ತೆರಳಲು ‘ಸಿಡಿ’ ಎಂದು ಬರೆದರೆ, ಅಂಥ ಆಜ್ಞೆ ಇಲ್ಲವೆಂಬ ಸಂದೇಶ ಬರುತ್ತದೆ. ಪ್ರತಿ ಸಲವೂ ಜೂಲಿಯಾವನ್ನು ಮುಚ್ಚಿ ತೆರೆಯಬೇಕೆ?
– ಓದುಗರೊಬ್ಬರು, ಮೂಡಿಗೆರೆ

ಉತ್ತರ: ಮುಚ್ಚಬೇಕಾಗಿಲ್ಲ. ನೀಲಿ ಬಣ್ಣದ ಆ ಪ್ರಾಂಪ್ಟಿಗೆ ಪ್ಯಾಕೇಜುಗಳನ್ನು, ಅಂದರೆ ಇತರರು ಬರೆದಿಟ್ಟ ಸಿದ್ಧ ಪ್ರೋಗ್ರಾಮುಗಳ ಕಟ್ಟುಗಳನ್ನು, ಸೇರಿಸುವ, ತೆಗೆಯುವ, ನವೀಕರಿಸುವಂಥ ಆಜ್ಞೆಗಳಷ್ಟೇ ಗೊತ್ತು. ಫೋಲ್ಡರ್ ಬದಲಿಸುವುದು ಅದರ ಕೆಲಸವಲ್ಲ. ಬ್ಯಾಕ್‌ಸ್ಪೇಸ್ ಒತ್ತಿ ಹಸಿರು ಪ್ರಾಂಪ್ಟಿಗೆ ಮರಳಿ, ‘ಸಿಡಿ’ ಫಂಕ್ಷನ್ನಿಗೆ ಫೋಲ್ಡರಿನ ದಾರಿಯನ್ನು ಜೋಡಿ ಉದ್ಧರಣ ಚಿಹ್ನೆಯೊಳಗೆ ಕೊಡಿ.

ಇಲ್ಲಿ ವಿಂಡೋಸ್ ಬಳಸುವವರು ಎಡವುವುದುಂಟು. ಉದ್ಧರಣ ಚಿಹ್ನೆಯೊಳಗೆ ‘\’ ಬಂದರೆ ಜೂಲಿಯಾ ಅದನ್ನು ಮುಂದಿನ ಅಕ್ಷರದೊಡನೆ ಕೂಡಿಸಿ ಓದುವುದರಿಂದ, ನಿಮ್ಮ ‘ರೇನ್’ ಫೋಲ್ಡರಿನ ಮೊದಲಕ್ಷರವಾದ ‘ಆರ್’ ಸಾಲಿನ ಆರಂಭಕ್ಕೆ ಮರಳುವ ಸಂಕೇತವಾಗಿಬಿಡುತ್ತದೆ, ಉಳಿದ ತುಂಡು ಹೆಸರಿನ ಫೋಲ್ಡರು ಎಲ್ಲಿಯೂ ಸಿಗುವುದಿಲ್ಲ. ‘/’ ಬಳಸಿದರೆ ಈ ತಾಪತ್ರಯವಿಲ್ಲ.

‘;’ ಒತ್ತಿದಾಗ ಬರುವ ಕೆಂಪು ಶೆಲ್ ಪ್ರಾಂಪ್ಟಿನಲ್ಲಿಯೂ (ಆಪರೇಟಿಂಗ್ ಸಿಸ್ಟಮ್ಮಿಗೆ ಆಜ್ಞೆ ಕೊಡುವ ಸಾಲಿನಲ್ಲಿಯೂ) ‘ಸಿಡಿ’ ನಡೆಯುತ್ತದೆ. ಸಾಮಾನ್ಯವಾಗಿ ಶೆಲ್ಲಿನ ಆಜ್ಞೆಗಳು ಬೇರೊಂದು ಪ್ರಕ್ರಿಯೆಯಾಗಿ, ಅಂದರೆ ಜೂಲಿಯಾ ಹುಟ್ಟುಹಾಕುವ ಪ್ರತ್ಯೇಕ ಪ್ರೋಗ್ರಾಮಾಗಿ, ಓಡುತ್ತವೆ. ಮರಿ ಪ್ರಕ್ರಿಯೆ ತನ್ನ ಜಾಗ ಬದಲಿಸಿದರೆ ತಾಯಿ ಪ್ರಕ್ರಿಯೆ ಇದ್ದಲ್ಲಿಯೇ ಇರುತ್ತದೆ. ಆದುದರಿಂದ ಜೂಲಿಯಾ ಈ ಒಂದು ಆಜ್ಞೆಯನ್ನು ಹೊರಗೆ ಕಳುಹಿಸದೆ ತಾನೇ ನೆರವೇರಿಸುತ್ತದೆ. ಮೂರೂ ಪ್ರಾಂಪ್ಟುಗಳು ಒಂದೇ ಪ್ರಕ್ರಿಯೆಗೆ ಸೇರಿದವಾದ್ದರಿಂದ ಒಂದರಲ್ಲಿ ಮಾಡಿದ ಬದಲಾವಣೆ ಉಳಿದೆರಡಕ್ಕೂ ಅನ್ವಯಿಸುತ್ತದೆ. ಈಗ ಎಲ್ಲಿದ್ದೇವೆಂದು ತಿಳಿಯಲು ಹಸಿರು ಪ್ರಾಂಪ್ಟಿನಲ್ಲಿ ‘ಪಿಡಬ್ಲ್ಯುಡಿ()’ ಎಂದು ಬರೆಯಿರಿ. ನಮ್ಮ ಕಡೆಯವರಿಗೆ ಲೋಕೋಪಯೋಗಿ ಇಲಾಖೆ ನೆನಪಾಗುವುದರಿಂದ ಈ ಹೆಸರು ಮರೆಯಲಾರದು.

ಆದರೆ ಫೋಲ್ಡರ್ ಬದಲಾದ ಮಾತ್ರಕ್ಕೆ ಪ್ಯಾಕೇಜ್ ಪರಿಸರ (ಒಂದು ಕೆಲಸಕ್ಕೆ ಬೇಕಾದ ಪ್ಯಾಕೇಜುಗಳ ಗುಂಪು) ಬದಲಾಗುವುದಿಲ್ಲ, ಮತ್ತು ನಿಮಗೆ ನಿಜವಾಗಿ ಬೇಕಾಗಿರುವುದು ಬಹುಶಃ ಆ ಪರಿಸರವನ್ನು ಬದಲಿಸುವುದೇ. ನೀಲಿ ಪ್ರಾಂಪ್ಟಿನ ಎಡಕ್ಕೆ ಆವರಣದಲ್ಲಿ ‘@’ ಜೊತೆಗೆ ಜೂಲಿಯಾ ಆವೃತ್ತಿಯ ಸಂಖ್ಯೆ ಕಾಣುತ್ತಿದ್ದರೆ, ನೀವು ಸೇರಿಸುವ ಪ್ಯಾಕೇಜುಗಳೆಲ್ಲ ಆ ಆವೃತ್ತಿಯ ಸಾಮಾನ್ಯ ಪರಿಸರಕ್ಕೆ ಹೋಗುತ್ತಿವೆ ಎಂದರ್ಥ. ಫೋಲ್ಡರಿಗೆ ಹೋದ ಮೇಲೆ ನೀಲಿ ಪ್ರಾಂಪ್ಟಿನಲ್ಲಿ ‘ಆಕ್ಟಿವೇಟ್’ ಎಂದು ಬರೆದು, ಒಂದು ಜಾಗ ಬಿಟ್ಟು ಚುಕ್ಕೆ ಇಡಿ. ಆವರಣದಲ್ಲಿ ‘ರೇನ್’ ಎಂಬ ಹೆಸರು ಮೂಡುತ್ತದೆ. ಮೊದಲ ಪ್ಯಾಕೇಜನ್ನು ಸೇರಿಸಿದಾಗ, ಅವಲಂಬನೆಗಳನ್ನು ದಾಖಲಿಸುವ ‘ಪ್ರಾಜೆಕ್ಟ್’ ಮತ್ತು ‘ಮ್ಯಾನಿಫೆಸ್ಟ್’ ಕಡತಗಳು ಮಳೆ ಲೆಕ್ಕದ ಪಕ್ಕದಲ್ಲಿಯೇ ಹುಟ್ಟಿಕೊಳ್ಳುತ್ತವೆ.