ಹಳೇ ಫ್ಯಾಷನ್ನಿನ ಟ್ಯಾಟೂ ತೆಗೆಸಲು ಲೇಸರ್‌ಗೆ ಅಷ್ಟೊಂದು ಸಲ ಯಾಕೆ ಹೋಗಬೇಕು?

ಯಾಕಂದ್ರೆ ಲೇಸರ್ ಶಾಯಿಯನ್ನು ಅಳಿಸುವುದಿಲ್ಲ, ಪುಡಿ ಮಾಡುತ್ತದೆ ಅಷ್ಟೇ. ಆ ಪುಡಿಯನ್ನು ಸಾಗಿಸುವುದು ನಿಮ್ಮ ದೇಹವೇ, ಅದೂ ನಿಧಾನವಾಗಿ.

ಟ್ಯಾಟೂ ಶಾಯಿ ಇರುವುದು ಚರ್ಮದ ಮೇಲ್ಪದರದಲ್ಲಲ್ಲ, ಅದರ ಕೆಳಗಿನ ಪದರದಲ್ಲಿ. ಅಲ್ಲಿ ಮ್ಯಾಕ್ರೋಫೇಜ್ ಎಂಬ ಕಾವಲು ಕೋಶಗಳು ಶಾಯಿಯ ಕಣಗಳನ್ನು ನುಂಗಿ ಕೂತಿರುತ್ತವೆ. ದೊಡ್ಡ ಕಣಗಳನ್ನು ಅರಗಿಸಲೂ ಆಗದು, ಸಾಗಿಸಲೂ ಆಗದು. ಟ್ಯಾಟೂ ವರ್ಷಗಟ್ಟಲೆ ಉಳಿಯುವುದು ಇದರಿಂದಲೇ. ಲೇಸರ್ ಮಿಂಚಿದಾಗ ಶಾಯಿ ಆ ಬೆಳಕನ್ನು ಹೀರಿಕೊಂಡು ಕ್ಷಣಾರ್ಧಕ್ಕಿಂತಲೂ ಬೇಗ ಕಾದು ಒಡೆಯುತ್ತದೆ. ಸಣ್ಣ ಚೂರುಗಳನ್ನು ಕೋಶಗಳು, ದುಗ್ಧರಸ ನಾಳಗಳು (ಅಂಗಾಂಶದ ಹೆಚ್ಚಿನ ನೀರು, ಕಸ ಸಾಗಿಸುವ ಕೊಳವೆಗಳು) ವಾರಗಟ್ಟಲೆ ಹೊತ್ತೊಯ್ಯುತ್ತವೆ. ಅದಕ್ಕೇ ಪ್ರತಿ ಸಲದ ನಡುವೆ ಸಾಮಾನ್ಯವಾಗಿ 6–8 ವಾರ ಬಿಡುತ್ತಾರೆ. ಆತುರಪಟ್ಟರೆ ಚರ್ಮಕ್ಕೇ ಪೆಟ್ಟು.

ಕಪ್ಪು ಶಾಯಿ ಎಲ್ಲ ಬಗೆಯ ಬೆಳಕನ್ನೂ ಹೀರುವುದರಿಂದ ಸುಲಭವಾಗಿ ಹೋಗುತ್ತದೆ. ಹಸಿರು, ನೀಲಿಗೆ ಬೇರೆ ತರಂಗದ ಲೇಸರ್ ಬೇಕು. ಹಳದಿಯಂತೂ ಹಠಮಾರಿ. ಬಿಳಿ ಶಾಯಿ ಲೇಸರ್ ತಾಗಿ ಕಪ್ಪಾಗುವುದೂ ಉಂಟು. ಹಾಗಾಗಿ ಮೊದಲು ಸಣ್ಣ ಜಾಗದಲ್ಲಿ ಪರೀಕ್ಷಿಸಿ ಅಂತ ಚರ್ಮದ ವೈದ್ಯರನ್ನು ಕೇಳಿ. ಕ್ರೀಮ್‌ಗಳನ್ನು ಮಾತ್ರ ನಂಬಬೇಡಿ. ಅವು ಶಾಯಿ ಇರುವ ಆಳಕ್ಕೆ ಇಳಿಯುವುದೇ ಇಲ್ಲ, ಸುಮ್ನೆ ದುಡ್ಡು ದಂಡ.