ಸತ್ಯವೇದಕ್ಕೆ ಹಾಕಿದ ಬೈಂಡು

(ಗುರುತು ಸಿಗದಂತೆ ಕೆಲವು ವಿವರ ಬದಲಿಸಿದ್ದೇನೆ.)

ಆಪ್ತಸಮಾಲೋಚನೆಗೆ ನನ್ನ ಬಳಿ ಬಂದವರು ನಲವತ್ತು ದಾಟಿದ ಶಿಕ್ಷಕಿ. ಕುರ್ಚಿಯಲ್ಲಿ ಕೂರುತ್ತಲೇ ದುಪಟ್ಟಾ ಎಳೆದು ಕೊರಳಿನ ಶಿಲುಬೆ ಮುಚ್ಚಿಕೊಂಡರು. ಬ್ಯಾಗಿನಲ್ಲಿದ್ದ ಸತ್ಯವೇದಕ್ಕೆ, ಅಂದರೆ ಬೈಬಲ್‌ಗೆ, ಶಾಲೆ ಮಕ್ಕಳ ನೋಟ್‌ಬುಕ್ಕಿನ ಹಾಗೆ ಕಂದು ಬೈಂಡು ಹಾಕಿದ್ದರು. ಲೇಬಲ್ ಮಾತ್ರ ಇರಲಿಲ್ಲ.

ಎರಡು ತಿಂಗಳ ಹಿಂದೆ, ಭಾನುವಾರ ಸಂಜೆ, ಕಬ್ಬನ್ ಪಾರ್ಕಿನ ಬೆಂಚಿನ ಮೇಲೆ ಒಬ್ಬ ಅಜ್ಜಿ ಮಗನ ಕಾಯಿಲೆ ಹೇಳಿಕೊಂಡು ಅಳುತ್ತಿದ್ದರಂತೆ. ಈಕೆ ಯೇಸುವಿನ ಮಾತೆತ್ತಿ ಪ್ರಾರ್ಥನೆಗೆ ತೊಡಗಿದ್ದಾರೆ. ಇಬ್ಬರು ಹುಡುಗರು ಮೊಬೈಲ್ ಹಿಡಿದು ಬಂದರು. "ಮತಾಂತರ ಮಾಡಿದ್ರೆ ತಲೆಗೆ ಎಷ್ಟು ಕೊಡ್ತಾರೆ ನಿಮ್ಗೆ?" ಜನ ಸೇರಿದರು. ಅಂದಿನಿಂದ ನಿದ್ದೆಯಿಲ್ಲ, ಮೆಟ್ರೋದಲ್ಲಿ ಎದುರಿನವರು ಫೋನ್ ಎತ್ತಿದರೂ ಎದೆ ಡವಡವ. ಗಂಡ, "ಬಾಯಿ ಮುಚ್ಕೊಂಡಿರಕ್ಕಾಗಲ್ವಾ?" ಎಂದರಂತೆ.

ಎರಡು ಭೇಟಿ ಪೂರ್ತಿ ಆ ಹುಡುಗರ ಸುತ್ತಲೇ ಸುತ್ತಿದೆವು. ತಪ್ಪು ನನ್ನದೇ, ಗದ್ದಲ ಎಲ್ಲಿತ್ತೋ ಅಲ್ಲೇ ನೋಯುತ್ತಿದೆ ಅಂದುಕೊಂಡಿದ್ದೆ. ಮೂರನೇ ಸಲ ಹೇಳಿದರು: "ಆ ಅಜ್ಜಿ ಒಂದು ಮಾತೂ ಆಡ್ಲಿಲ್ಲ ಮೇಡಂ. ಎದ್ದು ಹೋಗ್ಬಿಟ್ರು."

"ಪ್ರಾರ್ಥನೆ ಮಾಡ್ಲಾ ಅಂತ ಕೇಳಿದ್ರಾ?"

ಬಹಳ ಹೊತ್ತು ಸುಮ್ಮನಿದ್ದರು. "ಇಲ್ಲ. ಕೈ ಹಿಡ್ಕೊಂಡ್ಬಿಟ್ಟಿದ್ದೆ."

ಇಲ್ಲಿ ನಾನು ಎಚ್ಚರ ತಪ್ಪಿದ್ದರೆ, ಹುಡುಗರ ದಬ್ಬಾಳಿಕೆಗೂ ಆಕೆಯೇ ಹೊಣೆ ಎಂದಾಗಿಬಿಡುತ್ತಿತ್ತು. ಅದಕ್ಕೇ ಬಿಡಿಸಿ ಹೇಳಿದೆ: ಕೇಳದೆ ಕೈ ಹಿಡಿದದ್ದು ಅಜ್ಜಿಗೂ ನಿಮಗೂ ನಡುವಿನ ಮಾತು, ಸುತ್ತುವರಿದು ಹೆದರಿಸಲು ಅದು ಯಾರಿಗೂ ಪರವಾನಗಿ ಅಲ್ಲ. ಸಂವಿಧಾನದ 25ನೇ ವಿಧಿ ನಂಬಿಕೆಯನ್ನು ಆಚರಿಸಲು ಮಾತ್ರವಲ್ಲ, ಪ್ರಚಾರ ಮಾಡಲೂ ಹಕ್ಕು ಕೊಡುತ್ತದೆ, ಸಾರ್ವಜನಿಕ ಸುವ್ಯವಸ್ಥೆಯ ಮಿತಿಯೊಳಗೆ. ಆದರೆ ಇನ್ನೊಬ್ಬರನ್ನು ಮತಾಂತರಿಸುವುದು ಆ ಹಕ್ಕಿನಲ್ಲಿ ಸೇರಿಲ್ಲ ಎಂದು ಸುಪ್ರೀಂ ಕೋರ್ಟ್ 1977ರಲ್ಲೇ ಹೇಳಿದೆ. ಬಲವಂತ, ಆಮಿಷದ ಮತಾಂತರದ ವಿರುದ್ಧ ರಾಜ್ಯದಲ್ಲಿ 2022ರಲ್ಲಿ ಕಾಯ್ದೆಯೂ ಬಂತು. ನಾನು ವಕೀಲೆಯಲ್ಲ, ನಿಮ್ಮ ಚರ್ಚಿನ ಸಭೆಗೆ ಪರಿಚಯವಿರುವ ವಕೀಲರನ್ನು ಒಮ್ಮೆ ಕಾಣಿ ಎಂದೆ.

ಇನ್ನು ಮುಂದೆ ಸಾಕ್ಷಿ ಹೇಳುವ, ಅಂದರೆ ನಿಮ್ಮ ನಂಬಿಕೆಯ ಮಾತೆತ್ತುವ ಮೊದಲು ಕೇಳಿ, "ಬೇಡ" ಅಂದರೆ ಅಲ್ಲಿಗೇ ಬಿಡಿ ಎಂದೆ. ಯಾರಾದರೂ ಕ್ಯಾಮೆರಾ ಹಿಡಿದು ಬಂದರೆ ವಾದ ಬೇಡ, ಫೋನ್ ಕಸಿಯುವುದಂತೂ ಬೇಡವೇ ಬೇಡ. ಎದ್ದು ಜನ ಓಡಾಡುವ ಕಡೆ ನಡೆಯಿರಿ, ಬೆದರಿಸಿದರೆ 112ಕ್ಕೆ ಕರೆ ಮಾಡಿ. ಮನೆಗೆ ಬಂದ ಮೇಲೆ ಸಮಯ, ಜಾಗ, ಆಡಿದ ಮಾತು ಬರೆದಿಡಿ. ದೂರು ಕೊಡುವುದಿದ್ದರೆ ಬೇಕಾಗುತ್ತದೆ.

ಭಯಕ್ಕೆ ಬೇರೆಯೇ ಮದ್ದು. ತಪ್ಪಿಸಿಕೊಂಡಷ್ಟೂ ಅದು ಬೆಳೆಯುತ್ತದೆ. ಮೊದಲ ವಾರ ದುಪಟ್ಟಾ ಸರಿಸಿ ಬೀದಿಯ ಅಂಗಡಿಗೆ. ಆಮೇಲೆ ಮೆಟ್ರೋದಲ್ಲಿ ಎರಡು ನಿಲ್ದಾಣ. ಡವಡವ ಇಳಿಯುವವರೆಗೂ ಜಾಗ ಬಿಡಬಾರದು. ಪಾರ್ಕಿಗೆ ಕೊನೆಯಲ್ಲಿ, ಗೆಳತಿಯ ಜೊತೆ, ಯಾರಿಗೂ ಏನೂ ಹೇಳಲಿಕ್ಕಲ್ಲ, ಸುಮ್ಮನೆ ಕೂರಲಿಕ್ಕೆ. ಗಂಡನನ್ನೂ ಒಂದು ದಿನ ಕರೆಸಿದೆ. ಆ ಮನುಷ್ಯನಿಗೆ ಕೋಪಕ್ಕಿಂತ ಹೆದರಿಕೆಯೇ ಹೆಚ್ಚಿತ್ತು: "ಆ ವಿಡಿಯೋ ಮಗಳ ಕಾಲೇಜಿನವರು ನೋಡಿದ್ರೆ?" ಇದನ್ನು ಅವರು ಹೆಂಡತಿಯ ಮುಂದೆ ಹೇಳಿದ್ದು ಅದೇ ಮೊದಲು.

ಏಳನೇ ಭೇಟಿಗೆ ಬಂದಾಗ ಶಿಲುಬೆ ಕಾಣುತ್ತಿತ್ತು. ಪಾರ್ಕಿಗೆ ಎರಡು ಸಲ ಹೋಗಿದ್ದರು, ಅಜ್ಜಿ ಸಿಕ್ಕಿರಲಿಲ್ಲ. ಸತ್ಯವೇದದ ಬೈಂಡು ಹಾಗೇ ಇತ್ತು. ನನ್ನ ಕಣ್ಣು ಅಲ್ಲಿ ಹೋದದ್ದು ನೋಡಿ, "ಮಳೆಗಾಲ ಅಲ್ವಾ ಮೇಡಂ, ನೆನೆಯುತ್ತೆ" ಅಂದರು. ನಾನೂ ಒತ್ತಾಯಿಸಲಿಲ್ಲ.